ಬಾಯಿಪಾಠ ಮಾಡಿದ ಫೋಟೊ ಪುಸ್ತಕ

ಫೋಟೊ ತೆಗೆಯುವುದನ್ನು ಕಲಿಯಲು ಯಾವ ಪುಸ್ತಕ ಒಳ್ಳೆಯದು ಎಂದು ಈಗ ಚಿತ್ತಾಪುರದಲ್ಲಿ ನಾಲ್ಕು ಜನ ನನ್ನನ್ನು ಕೇಳುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಪದ್ಮಜಾ ಅಡುಗೆಮನೆಯಿಂದ, "ಅವರಿಗಿ ಕೇಳಬ್ಯಾಡ್ರಿ, ಪುಸ್ತಕ ಪೂರಾ ಅಂದು ತೋರಸ್ತಾರ," ಎನ್ನುತ್ತಾಳೆ. ಅವಳ ಮಾತು ಸುಳ್ಳಲ್ಲ. ನೂರಾ ಹನ್ನೆರಡು ಪುಟ ನನಗೆ ಇವತ್ತಿಗೂ ಬಾಯಿಗೆ ಬರುತ್ತದೆ.

ಇದೆಲ್ಲ ಶುರುವಾದದ್ದು ಶ್ರಾವಣದಲ್ಲಿ, ನಮ್ಮ ಅತ್ಯಾ ಆಡಿದ ಒಂದು ಮಾತಿನಿಂದ. ಅತ್ಯಾ ಎಂದರೆ ನನ್ನ ತಂದೆಯ ಅಕ್ಕ ಶಾರದಾಬಾಯಿ. ವಯಸ್ಸು ಎಪ್ಪತ್ತೊಂಬತ್ತು. ನನಗೆ ತಿಳಿವಳಿಕೆ ಬಂದಾಗಿನಿಂದ ನಮ್ಮ ಮನೆಯಲ್ಲೇ ಇದ್ದಾಳೆ. ಅವಳ ಬಳಿ ಕೆಂಪು ರಟ್ಟಿನ ಒಂದು ದಪ್ಪ ವಹಿ ಇತ್ತು. ಅವಳ ತಾಯಿ, ಅಂದರೆ ನನ್ನ ಅಜ್ಜಿ, ತಾನೇ ಕಟ್ಟಿದ ಹಾಡುಗಳನ್ನು ಅದರಲ್ಲಿ ಬರೆದಿಟ್ಟಿದ್ದಳು. ತೊಟ್ಟಿಲ ಹಾಡು, ಆರತಿ ಹಾಡು, ಬೆಳಗಿನ ಹೊತ್ತು ದೇವರನ್ನು ಎಬ್ಬಿಸುವ ಹಾಡು, ಎಬ್ಬಿಸಿದ ಮೇಲೂ ಏಳದಿದ್ದರೆ ಅವನನ್ನು ಬೈಯುವ ಹಾಡು. ಒಟ್ಟು ನೂರಾ ಅರವತ್ತು ಪುಟ. ಇವು ಎಲ್ಲಿಯೂ ಅಚ್ಚಾಗಿಲ್ಲ. ಗುರುವಾರ ಸಂಜೆ ಮಠದಲ್ಲಿ ಹೆಣ್ಣುಮಕ್ಕಳ ಭಜನಾಮಂಡಳಿ ಹಾಡುತ್ತಿದ್ದದ್ದು ಇವನ್ನೇ. ಅತ್ಯಾ ನಡುವೆ ವಹಿ ತೆರೆದು ಕೂತರೆ, ಪದ್ಮಜಾಳೂ ಸೇರಿ ಉಳಿದ ಏಳು ಜನ ಅವಳ ಹೆಗಲ ಮೇಲಿಂದ ಕತ್ತು ಚಾಚಿ ನೋಡುತ್ತ ದನಿಗೂಡಿಸುತ್ತಿದ್ದರು.

ಆ ವಹಿಯ ಹಾಳೆಗಳು ಹಪ್ಪಳದಂತಾಗಿದ್ದವು, ಮುಟ್ಟಿದಲ್ಲಿ ಮುರಿಯುತ್ತಿದ್ದವು. ನಮ್ಮಲ್ಲಿ ಹಳತಾದ ದೇವರ ಪುಸ್ತಕವನ್ನು ರದ್ದಿಗೆ ಹಾಕುವುದಿಲ್ಲ, ಹರಿಯುವ ನೀರಿಗೆ ಬಿಡುತ್ತೇವೆ. ಅತ್ಯಾ ಒಂದು ದಿನ ಊಟದ ಹೊತ್ತಿಗೆ ದಿನ ಗೊತ್ತುಮಾಡಿಬಿಟ್ಟಳು.

"ಉತ್ಥಾನ ದ್ವಾದಶಿ ಮುಗದ ಮರುದಿನ ಇದನ್ನ ಕಾಗಿಣಾಕ್ಕ ಬಿಡತೀನಿ. ಅಷ್ಟರಾಗ ಏನ್ ಮಾಡ್ಕೋತೀರೋ ಮಾಡ್ಕೋರಿ. ನನ್ನ ತಲಿಯೊಳಗ ಇದ್ದದ್ದು ನನ್ನ ಸಂಗಾಟನ ಹೋಗ್ತದ."

ಬರೆದುಕೊಳ್ಳೋಣ ಎಂದೆ. ಹಾಡು ಅಷ್ಟೇ ಅಲ್ಲ, ಅವ್ವನ ಕೈಬರಹವೂ ಬೇಕು ಎಂದಳು. ಮೊಬೈಲಿನಲ್ಲಿ ತೆಗೆದು ನೋಡಿದೆ. ಪುಟದ ಮೇಲೆ ನನ್ನ ತಲೆಯ ನೆರಳು ಬಿತ್ತು, ಮಸಿ ಚಹಾದ ಬಣ್ಣಕ್ಕೆ, ಹಾಳೆ ಅರಿಸಿನದ ಬಣ್ಣಕ್ಕೆ ತಿರುಗಿತ್ತು, ಹಿಂದಿನ ಪುಟದ ಅಕ್ಷರಗಳು ಮುಂದಿನ ಪುಟದಲ್ಲಿ ಇಣುಕುತ್ತಿದ್ದವು. ಸ್ಟುಡಿಯೋಕ್ಕೆ ಒಯ್ಯುವ ಮಾತೇ ಇರಲಿಲ್ಲ. ಆ ವಹಿ ದೇವರ ಮನೆ ಬಿಟ್ಟರೆ ಮಠ, ಮಠ ಬಿಟ್ಟರೆ ದೇವರ ಮನೆ. ಮುಟ್ಟುವವರು ಸ್ನಾನ ಮಾಡಿ ಮಡಿಯಲ್ಲಿರಬೇಕು. ಹೀಗಾಗಿ ಆ ಕೆಲಸ ನನ್ನ ಕೊರಳಿಗೇ ಬಿತ್ತು. ನಮ್ಮ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಪದ್ಮಜಾಳ ತಮ್ಮ ಒಂದು ಕ್ಯಾಮೆರಾ ಕೊಟ್ಟಿದ್ದ. ಅದು ಕಪಾಟಿನಲ್ಲಿ ಬೆಳ್ಳಿ ತಟ್ಟೆಯ ಪಕ್ಕದಲ್ಲಿ ಬೆಳ್ಳಿ ತಟ್ಟೆಯಷ್ಟೇ ಗೌರವದಿಂದ ಕೂತಿತ್ತು. ಮಗಳು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಇತ್ತು. ಇನ್ನು ಬೇಕಾದದ್ದು ವಿದ್ಯೆ. ಕನ್ನಡ ಮಾಸ್ತರನಾದ ನನಗೆ ವಿದ್ಯೆ ಎಂದರೆ ಪುಸ್ತಕ.

ಮೊದಲ ಪುಸ್ತಕ ಸಿಕ್ಕಿದ್ದು ಶಹಾಬಾದದ ಒಂದು ರದ್ದಿ ಅಂಗಡಿಯಲ್ಲಿ. ಹೊಳೆಯುವ ಹಾಳೆ, ಬೆಟ್ಟದ ಚಿತ್ರ, ಮಗುವಿನಷ್ಟು ಭಾರ. ಮನೆಗೆ ತಂದು ಅರ್ಧ ದಿನ ಓದಿದ ಮೇಲೆ ತಿಳಿದದ್ದೇನೆಂದರೆ, ಅದು ರೀಲು ಹಾಕುವ ಕಾಲದ್ದು, ಮೊದಲು ಒಂದು ಕತ್ತಲೆ ಕೋಣೆ ಕಟ್ಟಿಸಿರಿ ಎನ್ನುತ್ತಿತ್ತು. ಪದ್ಮಜಾ ಉಪ್ಪಿನಕಾಯಿ ಭರಣಿಗಳ ಕೋಣೆ ಖಾಲಿ ಮಾಡಿಕೊಡಲೇ ಎಂದು ಕೇಳಿದಳು.

ಎರಡನೆಯದು ಸೇಡಂನ ಗ್ರಂಥಾಲಯದ್ದು. ಇಂಗ್ಲಿಷಿನಲ್ಲಿತ್ತು, ಬರೀ ಫೋಟೊ ತಿದ್ದುವ ಸಾಫ್ಟ್‌ವೇರ್ ಬಗ್ಗೆ. ಅಲ್ಲಿದ್ದ ಮಾಣಿಕಮ್ಮ ಎಂಬಾಕೆ ಮುದ್ರೆ ಒತ್ತುತ್ತ, ಹನ್ನೊಂದು ವರ್ಷದಿಂದ ಇದನ್ನು ಯಾರೂ ಒಯ್ದಿಲ್ಲ, ನಿಮ್ಮದೇ ಬೋಣಿಗೆ ಎಂದಳು. ಯಾಕೆ ಒಯ್ದಿಲ್ಲವೆಂದು ಮನೆಯಲ್ಲಿ ಗೊತ್ತಾಯಿತು. ಪುಸ್ತಕದಲ್ಲಿ ಬಾಗಿಲು ಇದ್ದ ಕಡೆ ನನ್ನ ಲ್ಯಾಪ್‌ಟಾಪಿನಲ್ಲಿ ಗೋಡೆ ಇತ್ತು. ಇಲ್ಲಿ ಒತ್ತು ಎಂದಲ್ಲಿ ಒತ್ತುವುದಕ್ಕೆ ಏನೂ ಇರಲಿಲ್ಲ.

ಮೂರನೆಯದನ್ನು ನಮ್ಮ ಶಾಲೆಯ ಭೀಮಶ್ಯಾ ಮಾಸ್ತರರು ಪ್ರೀತಿಯಿಂದ ಕೊಟ್ಟರು. ಅವರು ಚಿಂಚೋಳಿಯವರು, ರಜೆ ಬಂದರೆ ಕಾಡಿನಲ್ಲಿ ಹಕ್ಕಿಗಳ ಬೆನ್ನು ಹತ್ತುವವರು. ಹಾರುವುದನ್ನು ಹಿಡಿಯುವುದು ಹೇಗೆಂದು ಅದರಲ್ಲಿ ಇನ್ನೂರು ಪುಟವಿತ್ತು. ಅಲುಗದೆ ಬಿದ್ದುಕೊಂಡದ್ದನ್ನು ತೆಗೆಯುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಕೊನೆಗೆ ಒಂದು ರವಿವಾರ ರೈಲು ಹತ್ತಿ ವಾಡಿಗೆ ಹೋದೆ. ಸ್ಟೇಷನ್ನಿನ ಹೊರಗೆ ಗುಲಾಮ ದಸ್ತಗೀರನ ಸ್ಟುಡಿಯೋ. ನಮ್ಮ ಸೀಮೆಯ ಮುಕ್ಕಾಲು ಪಾಲು ಆಧಾರ ಕಾರ್ಡಿನ ಮುಖಗಳು ಅವನ ಕೈಯಿಂದ ಹಾದುಹೋದವು. ನನ್ನ ಹಳೆಯ ಶಿಷ್ಯ, ಈಗ ಅವನಿಗೂ ಕಿವಿಯ ಬಳಿ ಕೂದಲು ಬೆಳ್ಳಗಾಗಿದೆ. ಯಾವ ಪುಸ್ತಕ ಓದಿ ಕಲಿತೆ ಎಂದು ಕೇಳಿದೆ. ಪುಸ್ತಕ ಓದುವ ಹಾಗಿದ್ದರೆ ನಿಮ್ಮ ಕ್ಲಾಸಿನಲ್ಲೇ ಓದುತ್ತಿದ್ದೆನಲ್ಲ ಎಂದು ನಕ್ಕು, ಗಲ್ಲೆಯ ಮೇಲೆ ಗಾಳಿಗೆ ರಸೀದಿ ಹಾರದಂತೆ ಇಟ್ಟಿದ್ದ ಒಂದು ತೆಳ್ಳನೆಯ ಪುಸ್ತಕವನ್ನು ಮುಂದಿಟ್ಟ. ರಟ್ಟು ಇಲ್ಲ, ಮೊದಲ ಹಾಳೆ ಇಲ್ಲ, ಬರೆದವರ ಹೆಸರೂ ಇಲ್ಲ. ಆದರೆ ಕನ್ನಡ.

ನಮ್ಮ ಮನೆಯಲ್ಲಿ ಪುಸ್ತಕ ಆರಿಸುವ ಕ್ರಮ ಒಂದಿದೆ. ನಡುವಿನ ಒಂದು ಪುಟ ತೆಗೆದು ಗಟ್ಟಿಯಾಗಿ ಓದಬೇಕು. ನಾಲಿಗೆ ತಡವರಿಸದೆ, ಉಸಿರು ಕಟ್ಟದೆ ಸಾಲು ಮುಗಿದರೆ ಪುಸ್ತಕ ಒಳ್ಳೆಯದು. ನನ್ನ ತಂದೆ ವ್ಯಾಕರಣದ ಪುಸ್ತಕವನ್ನೂ ಹಾಗೇ ಆರಿಸುತ್ತಿದ್ದರು. ನಾನು ಸ್ಟುಡಿಯೋದ ನಡುವೆ ನಿಂತು ಓದಿದೆ: "ಬೆಳಕು ಕಿರಿದಾದರೆ ಕಣ್ಣು ಹಿರಿದಾಗಲಿ, ಕಣ್ಣು ಹಿರಿದಾದರೆ ಆಳ ಕಿರಿದಾಗುವುದು." ಮೈ ಝುಮ್ಮೆಂದಿತು. ಫೋಟೊಕ್ಕೆ ಕೂತಿದ್ದ ಒಬ್ಬ ಅಜ್ಜ ಕೈಮುಗಿದ. ಇದೇ ನನ್ನ ಪುಸ್ತಕ ಎಂದೆ. ದಸ್ತಗೀರ ರಸೀದಿಗಳ ಮೇಲೆ ಒಂದು ಕಲ್ಲು ಇಟ್ಟ.

ಆಮೇಲೆ ಮಾಡಿದ್ದನ್ನು ಬಿಚ್ಚಿ ಹೇಳಲು ಈಗ ಸ್ವಲ್ಪ ನಾಚಿಕೆ. ನಾವು ಯಾವುದನ್ನೇ ಕಲಿಯಲಿ, ಮೊದಲು ಬಾಯಿಗೆ ಬರಬೇಕು, ಅರ್ಥ ಆಮೇಲೆ ತಾನಾಗಿ ಬರುತ್ತದೆ ಎಂದು ಬೆಳೆದವರು. ನಾನು ಭಾದ್ರಪದ ಪೂರ್ತಿ ಪುಸ್ತಕವನ್ನು ಬಾಯಿಪಾಠ ಮಾಡಿದೆ. ಬೆಳಿಗ್ಗೆ ತುಳಸಿಗೆ ನೀರು ಹಾಕುತ್ತ ಬೆಳಕಿನ ಅಧ್ಯಾಯ, ಸಂಜೆ ಅಂಗಳದಲ್ಲಿ ಅಡ್ಡಾಡುತ್ತ ಕೊನೆಯ ಮೂರು ಅಧ್ಯಾಯ. ಆ ಮೂರೂ ಕಂಪ್ಯೂಟರಿನಲ್ಲಿ ಚಿತ್ರ ತೊಳೆಯುವುದರ ಬಗ್ಗೆ ಇದ್ದವು. ಅವುಗಳ ತಲೆಯ ಮೇಲೆಲ್ಲ ಒಂದೇ ಸಾಲು ಬರುತ್ತಿತ್ತು: "ಮೂಲವನ್ನು ಮುಟ್ಟಬೇಡ, ಪ್ರತಿಯನ್ನು ತಿದ್ದು." ಅಧ್ಯಾಯದ ಮೊದಲಿಗೆ ಬರುವ ಇಂಥ ಮಾತನ್ನು ನಮ್ಮಲ್ಲಿ ಭಕ್ತಿಯಿಂದ ಹೇಳಿ ಮುಂದೆ ಹೋಗುತ್ತೇವೆ. ನಾನೂ ಪ್ರತಿ ಸಲ ಹೇಳಿ ಮುಂದೆ ಹೋದೆ.

ಕ್ಯಾಮೆರಾ ಮಾತ್ರ ಕಪಾಟಿನಲ್ಲೇ ಇತ್ತು.

ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಅದನ್ನು ಹೊರಗೆ ತೆಗೆದೆ. ಅತ್ಯಾ ಅದನ್ನು ದೂರದಿಂದಲೇ ಪರೀಕ್ಷಿಸಿ, ಗಾಜಿಗೆ, ಲೋಹಕ್ಕೆ ಮೈಲಿಗೆ ಇಲ್ಲ, ಆದರೆ ಕೊರಳಿಗೆ ಹಾಕುವ ಪಟ್ಟಿ ಚರ್ಮದ್ದಿದ್ದರೆ ಬಿಚ್ಚು ಎಂದಳು. ಬಿಚ್ಚಿದೆ. ಬಾವಿಯ ನೀರು ಹೊಯ್ದುಕೊಂಡು, ಒದ್ದೆ ಪಂಚೆಯಲ್ಲೇ ದೇವರ ಮನೆಗೆ ಬಂದು, ವಹಿ ತೆರೆದು, ಧ್ಯಾನಸ್ಥನಾಗಿ ಎರಡು ಪುಟ ತೆಗೆದೆ. ಕ್ಯಾಮೆರಾದೊಳಗಿನ ಕಾರ್ಡು ಹಿಡಿದು ಮತ್ತೆ ವಾಡಿಗೆ ಓಡಿದೆ. ದಸ್ತಗೀರ ಚಿತ್ರಗಳನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡು ದೊಡ್ಡದು ಮಾಡಿ ನೋಡಿದ. ಅಕ್ಷರಗಳು ಇರುವೆ ಸಾಲು ನೀರಿನಲ್ಲಿ ತೇಲಿದಂತೆ ಕಾಣುತ್ತಿದ್ದವು. ನಾನು ಗಾಬರಿಯಾಗಿ ಶಟರಿನ ಅಧ್ಯಾಯ ಹೇಳತೊಡಗಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಮಾಸ್ತರ್ರೇ, ನೀವು ಹೇಳೂದೆಲ್ಲ ಖರೇ ಅದರಿ. ಆದ್ರ ಕೈ ನಡಗ್ಯಾವ."

"ಒದ್ದಿ ಪಂಚಿ ಇತ್ತಲ್ಲೊ, ಥಂಡಿ," ಎಂದೆ.

"'ಕೈ ನಡುಗಿದರೆ ಚಿತ್ರ ನಡುಗುವುದು' ಅಂತ ಈಗಷ್ಟೇ ನೀವ ಅಂದ್ರಿ."

ಅವನು ಒಂದು ಟ್ರೈಪಾಡು ಕೊಟ್ಟು, ನಾಲ್ಕು ಗಂಟೆ ಹೊತ್ತು ತನ್ನ ಗಲ್ಲೆಯ ಮೇಲಿನ ದಿನಪತ್ರಿಕೆಯನ್ನೇ ನನ್ನಿಂದ ತೆಗೆಸಿದ. ಪುಸ್ತಕದ ಒಂದೊಂದು ಸಾಲೂ ಅವತ್ತು ಕೈಯೊಳಗೆ ಇಳಿಯಿತು. ಸಂಜೆಯ ರೈಲಿನಲ್ಲಿ ಬರುವಾಗ ಕಿಟಕಿಯಾಚೆಯ ಬೆಳಕನ್ನು ನೋಡಿ, ಈಗ ಕ್ಯಾಮೆರಾದ ಕಣ್ಣು ಎಷ್ಟು ತೆರೆಯಬೇಕೆಂದು ತಾನಾಗಿ ಹೊಳೆಯುತ್ತಿತ್ತು. ಅರ್ಥ ಆಮೇಲೆ ಬರುತ್ತದೆ ಎಂದು ತಂದೆ ಹೇಳುತ್ತಿದ್ದದ್ದು ಹುಸಿಯಲ್ಲ. ಆದರೆ ಎಲ್ಲ ಸಾಲುಗಳ ಅರ್ಥವೂ ಅವತ್ತೇ ಬಂದಿರಲಿಲ್ಲ.

ಟ್ರೈಪಾಡಿನ ಕಾಲಿಗೆ ಅತ್ಯಾ ನೀರು ಚಿಮುಕಿಸಿದಳು. ನಾನು ಒಣಗಿದ ಮಡಿ ಉಟ್ಟು, ಆರು ಬೆಳಗಿನಲ್ಲಿ ನೂರಾ ಅರವತ್ತು ಪುಟ ತೆಗೆದು ಮುಗಿಸಿದೆ. ಒಂದು ಅಕ್ಷರವೂ ಅಲುಗಿರಲಿಲ್ಲ. ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿ, ಪುಸ್ತಕ ಹೇಳಿದಂತೆ ಕಾರ್ಡು ಬರಿದು ಮಾಡಿ, ತೊಳೆಯುವುದಕ್ಕೆ ಕೂತೆ.

ಅದರಂಥ ಸುಖ ಇನ್ನೊಂದಿಲ್ಲ. ಹಳದಿ ಹಾಳೆ ಬೆಳ್ಳಗಾಗುತ್ತಿತ್ತು, ಕಂದಿದ ಮಸಿ ಕಪ್ಪಾಗುತ್ತಿತ್ತು. ಎಣ್ಣೆಯ ಕಲೆ, ತುಪ್ಪದ ಹನಿ, ದಸರೆಯ ಪೂಜೆಗೆ ಏರಿಸಿದ ಅರಿಸಿನ ಕುಂಕುಮ ಸಿಡಿದದ್ದು, ಎಲ್ಲಕ್ಕೂ ಒಂದೇ ಮದ್ದು. ಗಾಯದ ಪಟ್ಟಿಯಂತೆ ಕಾಣುವ ಒಂದು ಗುಂಡಿ ಇತ್ತು. ಅದನ್ನು ಒತ್ತಿ ಕಲೆಯ ಮೇಲೆ ಆಡಿಸಿದರೆ ಅಲ್ಲಿ ಏನೂ ಇರಲೇ ಇಲ್ಲ ಎಂಬಂತಾಗುತ್ತಿತ್ತು. ಕುಂಕುಮದ ಚುಕ್ಕಿಗಳೇ ಹೆಚ್ಚು, ಒಂದೊಂದು ಪುಟದಲ್ಲಿ ಹತ್ತು ಹನ್ನೆರಡು. ಅಜ್ಜಿಯ ಕೈ ಅದೆಷ್ಟು ಧಾರಾಳವೆಂದುಕೊಂಡು ಒಂದೊಂದನ್ನೇ ಒರೆಸಿದೆ. ಪುಟ ಮುಗಿದಂತೆ ಸೇವ್ ಒತ್ತುತ್ತಿದ್ದೆ. ಮುಂದಿನ ಪುಟಕ್ಕೆ ಹೋಗುವ ಮೊದಲು ಭಕ್ತಿಯಿಂದ, "ಮೂಲವನ್ನು ಮುಟ್ಟಬೇಡ," ಎನ್ನುತ್ತಿದ್ದೆ.

ದಸ್ತಗೀರ ಎಂಟು ಪ್ರತಿ ತೆಗೆದು ಹೊಲಿದು ಕೊಟ್ಟ. ಉತ್ಥಾನ ದ್ವಾದಶಿಯ ಸಂಜೆ ತುಳಸಿಯ ಮುಂದೆ ದೀಪ ಹಚ್ಚಿದ ಮೇಲೆ ಅತ್ಯಾ ಒಂದು ಪ್ರತಿಯನ್ನು ನನ್ನ ಕೈಗೇ ಕೊಟ್ಟು, ಓದು, ಕೇಳುತ್ತೇನೆ ಎಂದಳು. ನಾನು ಅಲ್ಲೊಂದು ಇಲ್ಲೊಂದು ಹಾಡು ತೆಗೆದು ರಾಗವಾಗಿ ಓದಿದೆ. ಅವಳು ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ಕೇಳಿದಳು. ಒಂದು ಅಕ್ಷರ ತಪ್ಪಿರಲಿಲ್ಲ.

"ಎಲ್ಲಾ ಅದ," ಎಂದಳು. "ಚಂದ ಮಾಡೀಯೊ ಧೀರೂ."

ಮರುದಿನ ದಂಡೋತಿಯ ಬಳಿ ಹೊಳೆಗೆ ಇಳಿದು, ತುಳಸಿದಳ ಇಟ್ಟು, ಅವಳೇ ವಹಿಯನ್ನು ನೀರಿಗೆ ಬಿಟ್ಟಳು. ಕೆಂಪು ರಟ್ಟು ಸ್ವಲ್ಪ ದೂರ ತೇಲಿ ತಿರುವಿನಲ್ಲಿ ಮರೆಯಾಯಿತು. ಮರಳುವ ದಾರಿಯಲ್ಲಿ ಅವಳು ಆಟೋದವನ ಕೂಡ ನಗುತ್ತ ಮಾತಾಡಿದಳು.

ಗುರುವಾರ ಬಂತು. ಮಂಡಳಿಯ ಎಂಟೂ ಜನಕ್ಕೆ ಮೊದಲ ಸಲ ತಮ್ಮದೇ ಆದ ಒಂದೊಂದು ಪುಸ್ತಕ. ಯಾರೂ ಕತ್ತು ಚಾಚಬೇಕಿಲ್ಲ. ನಾನು ಹೊರಗೆ ಕಂಬಕ್ಕೆ ಒರಗಿ, ಯಾರಾದರೂ ಹೊಗಳುತ್ತಾರೇನೊ ಎಂದು ಕಿವಿ ಕೊಟ್ಟು ಕೂತಿದ್ದೆ. ಅಜ್ಜಿಯ ಹಾಡು ಎತ್ತಿದರು: "ಬಾರಯ್ಯ ಹೊಸ್ತಿಲಿಗೆ, ಬೆಣ್ಣೆ ಕರಗುವ ಮುನ್ನ." ಇಬ್ಬರು 'ಬಾರಯ್ಯ'ದ ಬಳಿ ನಿಂತರು. ನಾಲ್ವರು ಹೊಸ್ತಿಲು ದಾಟಿ ಉಸಿರು ಸಾಲದೆ ಕೆಮ್ಮಿದರು. ಪದ್ಮಜಾ ಒಬ್ಬಳೇ ಬೆಣ್ಣೆಯವರೆಗೆ ಹೋಗಿ, ಹಿಂದೆ ಯಾರೂ ಇಲ್ಲವೆಂದು ತಿಳಿದು ತಿರುಗಿ ನೋಡಿದಳು. ಎರಡನೇ ಸಲವೂ ಹಾಗೇ. ಮೂರನೇ ಸಲ ಅತ್ಯಾ ಕೈ ಎತ್ತಿ ನಿಲ್ಲಿಸಿದಳು. ಕನ್ನಡಕ ಹಾಕಿಕೊಂಡು ಒಂದು ಪುಟ ತಿರುವಿದಳು. ಇನ್ನೊಂದು ತಿರುವಿದಳು.

"ಚುಕ್ಕಿ ಎಲ್ಲಿವ?"

ಪದ್ಮಜಾ ಹೊರಗೆ ಬಂದು ಮೆಲ್ಲಗೆ ನನಗೆ ವಿವರಿಸಿದಳು. ಆ ಕುಂಕುಮದ ಚುಕ್ಕಿಗಳು ಸಿಡಿದವಲ್ಲ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಅಜ್ಜಿ ಉಂಗುರ ಬೆರಳಿನ ತುದಿಯಿಂದ ಇಟ್ಟ ಗುರುತು. ಚುಕ್ಕಿ ಬಂದಲ್ಲಿ ಎಂಟೂ ಜನ ಒಟ್ಟಿಗೆ ಉಸಿರೆಳೆದು ಮುಂದಕ್ಕೆ ಹೋಗುತ್ತಿದ್ದರು. ಹೆಂಗಸರ ಹಾಡನ್ನು ಹೊರಗಿನಿಂದ ಕೇಳಿದ್ದ ನನಗೆ ಅದು ಯಾವತ್ತೂ ಗೊತ್ತಿರಲಿಲ್ಲ. ಕೇಳಿ ಕೇಳಿ ಕೆಲವು ಹಾಡುಗಳ ನಿಲುಗಡೆಗಳು ಮಾತ್ರ ನನ್ನ ಕಿವಿಯಲ್ಲಿ ಕೂತುಬಿಟ್ಟಿದ್ದವು. ಅದಕ್ಕೇ ದ್ವಾದಶಿಯ ಸಂಜೆ ನಾಲ್ಕು ಹಾಡುಗಳನ್ನು ಸರಿಯಾಗಿ ನಿಂತು ನಿಂತು ಓದಿದ್ದೆ, ಅತ್ಯಾಳಿಗೂ ಕೊರತೆ ಕಂಡಿರಲಿಲ್ಲ. ನಾಲ್ಕು ಹಾಡೇನೋ ಸರಿ. ಉಳಿದ ಸಾವಿರಾರು ಚುಕ್ಕಿ ನನ್ನ ಕಿವಿಯಲ್ಲಿ ಇರಲಿಲ್ಲ. ವಹಿ ಅಷ್ಟೊತ್ತಿಗೆ ಶಹಾಬಾದ ದಾಟಿ ಹೋಗಿರಬೇಕು.

ಅತ್ಯಾ ಬೈಯಲಿಲ್ಲ. ಮಠದ ಮೆಟ್ಟಿಲು ಇಳಿಯುವಾಗ ಒಂದೇ ಮಾತು ಹೇಳಿದಳು.

"ನಮ್ಮವ್ವನ ಉಸರೆಲ್ಲಾ ಸಾಬಾಣ ಹಚ್ಚಿ ತೊಳದು ಒಣಾ ಹಾಕೀಯಲ್ಲೊ."

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದೆ. ನೂರಾ ಅರವತ್ತು ಬೆಳ್ಳನೆಯ ಪುಟಗಳು. ಹಳೆಯವು ಒಂದೂ ಇಲ್ಲ, ಪ್ರತಿ ಸಲ ಸೇವ್ ಒತ್ತಿದಾಗ ಹೊಸದು ಹಳೆಯದರ ಮೇಲೆಯೇ ಕೂತಿತ್ತು. "ಮೂಲವನ್ನು ಮುಟ್ಟಬೇಡ" ಎಂದು ತನ್ನಷ್ಟಕ್ಕೆ ನನ್ನ ಬಾಯಿಗೆ ಬಂತು. ಈ ಸಲ ಅರ್ಥವನ್ನೂ ಕರೆದುಕೊಂಡು ಬಂತು. ಪುಸ್ತಕ ಬರೆದ ಪುಣ್ಯಾತ್ಮ ಅದನ್ನು ಮೂರು ಸಲ ಹೇಳಿದ್ದ. ನಾನು ಮುನ್ನೂರು ಸಲ ಹೇಳಿದ್ದೆ. ಮಾಡಿದವರು ಯಾರೂ ಇರಲಿಲ್ಲ.

ರವಿವಾರದವರೆಗೆ ಅತ್ಯಾ ಹಾಡಲಿಲ್ಲ. ದೇವರನ್ನು ಎಬ್ಬಿಸುವುದಕ್ಕೂ ಹಾಡಲಿಲ್ಲ, ಬರೀ ಗಂಟೆ ಬಾರಿಸಿದಳು. ನಾನು ವಾಡಿಯ ರೈಲು ಹತ್ತಿದೆ.

ದಸ್ತಗೀರ ನನ್ನ ಮುಖ ನೋಡಿ ಚಹಾ ತರಿಸಿದ. ಎಲ್ಲ ಕೇಳಿ, ಅಳಿಸಿಹೋದ ಕಾರ್ಡಿನಿಂದ ಏನಾದರೂ ಎತ್ತಬಹುದೇ ಎಂದು ಒಂದು ಗಂಟೆ ಹೆಣಗಿದ. ಅದರ ಮೇಲೆ ನಾನು ಮಗಳ ನಿಶ್ಚಯದ ಮುನ್ನೂರು ಫೋಟೊ ತೆಗೆದಿದ್ದೆ. ಆಗಲಿಲ್ಲ. ಕೊನೆಗೆ ತಲೆ ಕೆರೆದುಕೊಂಡ.

"ಆ ನಡಗಿದ್ದು ಎರಡು ನನ್ನ ಕಡಿ ಅವಲ್ರಿ ಮಾಸ್ತರ್ರೇ."

ಒದ್ದೆ ಪಂಚೆಯ ಬೆಳಿಗ್ಗೆ ತೆಗೆದ ಎರಡು ಪುಟ. ಅಕ್ಷರಗಳು ಕಲಸಿಹೋಗಿದ್ದವು. ಆದರೆ ಅವುಗಳ ನಡುನಡುವೆ ಕೆಂಪಗೆ, ಮಂಜಿನಲ್ಲಿ ಹುಟ್ಟಿದ ಸೂರ್ಯನಂತೆ, ಇಪ್ಪತ್ತಮೂರು ಚುಕ್ಕಿಗಳು ಇದ್ದ ಜಾಗದಲ್ಲೇ ಇದ್ದವು. ದಸ್ತಗೀರ ಎರಡನ್ನೂ ಅಚ್ಚು ಹಾಕಿ ಲಕೋಟೆಯಲ್ಲಿಟ್ಟು ಕೊಟ್ಟ. ಪುಸ್ತಕದಲ್ಲಿ ಕೆಟ್ಟ ಫೋಟೊ ಇಟ್ಟುಕೊಳ್ಳುವುದರ ಬಗ್ಗೆ ಏನಾದರೂ ಬರೆದಿದೆಯೇ ಎಂದು ಕೇಳಿದ. ಅಳಿಸಿಬಿಡು ಎಂದಿದೆ ಎಂದೆ.

ಅತ್ಯಾ ಆ ಹಾಳೆಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಪಕ್ಕದಲ್ಲಿ ತೊಳೆದ ಪುಟ ಇಟ್ಟುಕೊಂಡು, ಬೆರಳನ್ನು ಮಸುಕು ಚುಕ್ಕಿಗಳ ಮೇಲೆ ನಡೆಸುತ್ತ ಸಣ್ಣಗೆ ಹಾಡತೊಡಗಿದಳು. ಮೊದಲ ಚುಕ್ಕಿ ಬರುವ ಮೊದಲೇ ಅವಳ ಉಸಿರು ಮುಗಿಯಿತು. ಮತ್ತೆ ಮೊದಲಿಂದ ಎತ್ತಿದಳು. ಮತ್ತೆ ಎರಡು ಅಕ್ಷರ ಕಡಿಮೆ ಬಿತ್ತು. ಬೆರಳು ತೆಗೆದು ನಕ್ಕಳು. ನಾಲ್ಕು ದಿನದಲ್ಲಿ ಅದು ಮೊದಲ ನಗು.

"ಅವ್ವ ಇಲ್ಲಿ ತನಕ ಹೋಗ್ತಿದ್ಲು. ನಾ ಎಂದೋ ಬಿಟ್ಟೀನಿ. ಈ ಹತ್ತು ವರ್ಷ ಚುಕ್ಕಿ ಒಂದು ಕಡಿ, ನನ್ನ ಉಸರು ಒಂದು ಕಡಿ. ಮಂಡಳಿಯವೆಲ್ಲಾ ನನ್ನ ಹೆಗಲು ನೋಡಿ ಸಂಭಾಳಿಸ್ಕೋತಿದ್ವು."

ಪದ್ಮಜಾ ಬಾಗಿಲಲ್ಲಿ ನಿಂತು ಹೌದೆಂದು ತಲೆಯಾಡಿಸಿದಳು.

"ಹಂಗಾರ ನೀ ಹಾಡು," ಎಂದೆ. "ನಾ ಕೇಳತೀನಿ. ನೀ ಎಲ್ಲಿ ಉಸರು ತೊಗೋತೀಯೊ ಅಲ್ಲಿ ಇಡತೀನಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಈ ಕೆಲಸಕ್ಕೆ ಯಾವ ಪುಸ್ತಕ ಓದಿ ಬಂದೀ ಎಂದಳು. ಇದಕ್ಕೆ ಪುಸ್ತಕ ಬೇಕಿಲ್ಲ, ಐವತ್ತು ವರ್ಷ ನಿನ್ನ ಹಾಡು ಕೇಳುವುದನ್ನೇ ಮಾಡಿದ್ದೇನೆ ಎಂದೆ.

ಮರುದಿನದಿಂದ, ಅವಳ ಪೂಜೆಯಾದ ಮೇಲೆ, ವ್ಯಾಸಪೀಠದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಳ ಎದುರು ಕೂರತೊಡಗಿದೆ. ಅವಳು ಹಾಡುತ್ತಿದ್ದಳು. ಅವಳ ಹೆಗಲು ಏರಿದಲ್ಲಿ, ಗಂಟಲಿನ ಕೆಳಗೆ ಗಾಳಿ ಸುಳಿದಲ್ಲಿ, ನಾನು ಒಂದು ಕೆಂಪು ಚುಕ್ಕಿ ಇಡುತ್ತಿದ್ದೆ. ಪುಟ ಮುಗಿದರೆ ಹೊಸ ಹೆಸರು ಕೊಟ್ಟು ಬೇರೆಯಾಗಿ ಇಡುತ್ತಿದ್ದೆ. ಹಳೆಯದು ಇದ್ದಲ್ಲೇ ಇರುತ್ತಿತ್ತು. ಅಜ್ಜಿಯ ಪುಟಕ್ಕೆ ಹನ್ನೆರಡಿದ್ದ ಚುಕ್ಕಿ ಅತ್ಯಾಳ ಕಾಲಕ್ಕೆ ಹದಿನೆಂಟಾದವು. ನಡುಗಿದ ಎರಡು ಪುಟಗಳನ್ನು ಕೊನೆಯಲ್ಲಿ ಹಾಗೇ ಸೇರಿಸಿದೆ, ಅವು ಅಜ್ಜಿಯವು. ಹತ್ತೊಂಬತ್ತು ಬೆಳಗಿಗೆ ಕೆಲಸ ಮುಗಿಯಿತು. ದಸ್ತಗೀರ ಮತ್ತೆ ಎಂಟು ಪ್ರತಿ ಹೊಲಿದ.

ಗುರುವಾರ ಎಂಟು ದನಿ ಒಂದೇ ದನಿಯಾಗಿ ಎದ್ದಿತು. ಹೊಸ್ತಿಲಿನ ಬಳಿ ಒಟ್ಟಿಗೆ ಉಸಿರೆಳೆದರು, ಒಟ್ಟಿಗೆ ಮುಂದಕ್ಕೆ ಹೋದರು. ನಾನು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದೆ. ಎರಡನೇ ನುಡಿಯಲ್ಲಿ "ಬೆಣ್ಣೆ ಕರ" ಎಂದವರು ತಟ್ಟನೆ ನಿಂತರು. ಎಂಟೂ ಜನ, ಶಬ್ದದ ನಡುವೆ. ಒಂದು ಗಳಿಗೆ ಬಿಟ್ಟು "ಗುವ ಮುನ್ನ" ಎಂದು ಮುಂದುವರಿದರು. ಅತ್ಯಾಳೂ ಅವರ ಜೊತೆಗೇ ನಿಂತಿದ್ದಳು.

ಮನೆಗೆ ಬಂದು ತೆಗೆದು ನೋಡಿದೆ. ಅಲ್ಲಿ ಚುಕ್ಕಿ ಇತ್ತು. ಯಾವ ಬೆಳಗಿನದು ಎಂದೂ ನೆನಪಾಯಿತು. ಒಗ್ಗರಣೆಯ ಹೊಗೆ ದೇವರ ಮನೆಗೆ ಬಂದು ಅತ್ಯಾ ಅಲ್ಲಿ ಕೆಮ್ಮಿದ್ದಳು. ನಾನು ಅದಕ್ಕೂ ಒಂದು ಚುಕ್ಕಿ ಇಟ್ಟಿದ್ದೆ. ತಪ್ಪೊಪ್ಪಿಕೊಂಡು, ಈ ಸಲ ಮೂಲ ಹಾಗೇ ಇದೆ, ಒಂದು ನಿಮಿಷದಲ್ಲಿ ತೆಗೆದುಬಿಡುತ್ತೇನೆ ಎಂದೆ.

"ಇರ್ಲಿ ಬಿಡೊ," ಎಂದಳು ಅತ್ಯಾ. "ಬೆಣ್ಣಿ ಕರಗೂಮುಂದ ಒಂದೀಟು ತಡದ್ರ ಏನಾಗ್ತದ. ಚಂದ ಕೇಳಸ್ತದ."

ಹಾಗಾಗಿ ಆ ಚುಕ್ಕಿ ಉಳಿದಿದೆ. ಕಳೆದ ತಿಂಗಳು ಮಂಡಳಿಗೆ ಒಬ್ಬ ಹೊಸ ಸೊಸೆ ಸೇರಿದಳು. ಭಾಳ ಶ್ರದ್ಧೆಯ ಹುಡುಗಿ, ಹಿರಿಯರು ಮಾಡಿದಂತೆಯೇ ಮಾಡುತ್ತಾಳೆ. ಆ ಚುಕ್ಕಿ ಹೇಗೆ ಬಂತೆಂದು ಪದ್ಮಜಾ ಅವಳಿಗೆ ಹೇಳಿದ್ದಳು. ಮೊನ್ನೆ ಗುರುವಾರ ಆ ಜಾಗಕ್ಕೆ ಬಂದಾಗ ಎಲ್ಲರ ಜೊತೆ ನಿಂತು, ಸೆರಗು ಬಾಯಿಗೆ ಹಿಡಿದು, ಸಣ್ಣಗೆ ಕೆಮ್ಮಿಯೂ ಬಿಟ್ಟಳು.